ಒಡೆಯರಪಾಳ್ಯದ ಜೋಳದ ಹೊಲ

ಚಳಿಗಾಲದಲ್ಲಿ ಸ್ವೆಟರ್ ಮಾರೋ ಟಿಬೆಟ್ ಹೆಂಗಸ್ರನ್ನ ನೀವೆಲ್ಲ ನೋಡಿರ್ತೀರಿ. ಅವ್ರು ವ್ಯಾಪಾರದ ಜನ ಅಂದ್ಕಂಡಿರ್ತೀವಿ. ಆದ್ರ ನಮ್ಮ ಒಡೆಯರಪಾಳ್ಯಕ್ಕೆ ಅವ್ರು ಬಂದದ್ದು ಬೇಸಾಯ ಮಾಡಕ್ಕೆ ಕನ್ರವ್ವ.

1959ರಲ್ಲಿ ದಲಾಯಿ ಲಾಮಾ ಟಿಬೆಟ್ ಬುಟ್ಟು ಭಾರತಕ್ಕೆ ಬಂದ್ರು. ಅವ್ರ ಹಿಂದೇನೇ ಸಾವಿರಾರು ಜನ ಹಿಮಾಲಯ ದಾಟಿ ಬಂದ್ರು. ಹೊಟ್ಟೆಪಾಡಿಗೆ ಎಷ್ಟೋ ಜನ ಬೆಟ್ಟದ ಸೀಮೆಲಿ ರಸ್ತೆ ಕೆಲ್ಸಕ್ಕೆ ಸೇರ್ಕಂಡ್ರು. ಮಕ್ಳುಮರಿ ಕಟ್ಕಂಡು ಎಷ್ಟು ವರ್ಷ ಅಂತ ಕಲ್ಲು ಒಡೆಯದು? ಒಂದ್ಕಡೆ ನೆಲೆ ನಿಂತು ಉತ್ತು ತಿನ್ಲಿ ಅಂತ ಜಮೀನು ಕೊಟ್ಟದ್ರಲ್ಲಿ ನಮ್ಮ ರಾಜ್ಯ ಮುಂದು. 1960ರಲ್ಲಿ ಬೈಲಕುಪ್ಪೆ, ಆಮೇಲೆ ಮುಂಡಗೋಡು, ಹುಣಸೂರು ಕಡೆ ಗುರುಪುರ. 1973-74ರಲ್ಲಿ ಒಡೆಯರಪಾಳ್ಯ. ಆಗ ಅದು ಮೈಸೂರು ಜಿಲ್ಲೆ ಕೊಳ್ಳೇಗಾಲ ತಾಲ್ಲೂಕು, ಈಗ ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕು.

ಲೊಕ್ಕನಹಳ್ಳಿ ದಾಟಿ ಮೇಲಕ್ಕೆ ಹೋದ್ರ ಸಿಕ್ತದ. ಅವ್ರು ಇಟ್ಕಂಡ ಹೆಸರು ಧೋಂಡೆನ್‌ಲಿಂಗ್. ಒಟ್ಟು 22 ಹಳ್ಳಿ. ಹಳ್ಳಿಗೊಂದು ಇಂಗ್ಲಿಷ್ ಅಕ್ಷರ: ಎ ವಿಲೇಜ್, ಬಿ ವಿಲೇಜ್ ಅಂತ.

ಅವ್ರ ಸೀಮೆಲಿ ಬಾರ್ಲಿ ಬೆಳೆದು, ಹುರಿದು, ಹಿಟ್ಟು ಮಾಡಿ ಚಹಾ ಬೆಣ್ಣೆ ಹಾಕಿ ಕಲಸ್ಕಂಡು ತಿಂತಿದ್ರು. ನಮ್ಮ ರಾಗಿ ಹುರಿಟ್ಟು ಇದ್ದಂಗೇ ಅನ್ನಿ. ಇಲ್ಲಿ ಬಾರ್ಲಿ ಎಲ್ಲಿ ತರದು? ಮುಸುಕಿನ ಜೋಳ ಬಿತ್ತಿದ್ರು. ಅದೇ ಅವ್ರ ಮುಖ್ಯ ಬೆಳೆಯಾಯ್ತು. ನೆಲ ಮಳೆ ನೆಚ್ಕಂಡದ್ದು. ಸುತ್ತ ಕಾಡು, ತೆನೆ ಕಟ್ಟೋ ಹೊತ್ತಿಗೆ ಆನೆ ಕಾಟ. ರಾತ್ರಿಯೆಲ್ಲ ಕಾವಲು ಕಾಯೋ ಕಷ್ಟ ನಮಗೂ ಅವ್ರಿಗೂ ಒಂದೇ.

ಒಂದು ಬೆಳೆಲಿ ವರ್ಷ ಕಳೆಯಕ್ಕಾಯ್ತದ? ಅದಕ್ಕೇ ಸ್ವೆಟರ್ ಹೊತ್ಕಂಡು ಊರೂರಿಗೆ ಹೊರಟ್ರು. ಮನೇಲಿ ಮುದುಕ್ರು, ಮಕ್ಳು. ಹೊಸ ವರ್ಷದ ಲೋಸರ್ ಹಬ್ಬ ಫೆಬ್ರವರಿ, ಮಾರ್ಚಿ ಕಡೆ ಬತ್ತದ; ಅಷ್ಟೊತ್ತಿಗೆ ವಾಪಸ್ ಬಂದು ಸೇರ್ಕತರ. ಆಮೇಲೆ ಮಳೆ ನೋಡ್ಕಂಡು ಮತ್ತೆ ಆರಂಬ. ಹೊಲದ ಕಾಲ, ವ್ಯಾಪಾರದ ಕಾಲ, ಹಬ್ಬದ ಕಾಲ ಮೂರನ್ನೂ ಸೇರಿಸಿ ಹೆಣೆದು ಸಂಸಾರ ಸಾಗಿಸ್ದವ್ರು ಹೆಂಗಸ್ರು.

ಇನ್ನೊಂದು ಮಾತು. ಆ ಜಮೀನು ಸರ್ಕಾರ ಗುತ್ತಿಗೆಗೆ ಕೊಟ್ಟದ್ದು, ಅವ್ರ ಸ್ವಂತದ್ದಲ್ಲ. ಇಂದಲ್ಲ ನಾಳೆ ನಮ್ಮೂರಿಗೆ ಹೋಯ್ತೀವಿ ಅನ್ನೋ ಆಸೆಲಿ ಬಂದವ್ರು ಅವ್ರು. ಐವತ್ತು ವರ್ಷ ಆಯ್ತು. ಇಲ್ಲೇ ಹುಟ್ಟಿ, ನಮ್ಮ ಕನ್ನಡ ಆಡ್ಕಂಡು ಬೆಳೆದ ಮಕ್ಳಿಗೂ ಮಕ್ಳಾದೊ. ಆ ಮಕ್ಳು ಓದ್ಕಂಡು ಬೆಂಗಳೂರು, ಹೊರದೇಶ ಅಂತ ಹೋಯ್ತಾವರ. ಹೊಲ ಮಾಡೋ ಕೈ ಕಮ್ಮಿ ಆಗ್ತಾ ಅದ.

ನಮ್ಮ ಮನೆಗಳಲ್ಲೂ ಇದೇ ಅಲ್ವಾ? ಪಹಣಿ ನಮ್ಮ ಹೆಸರಲ್ಲಿ ಅದ, ಮಕ್ಳು ಬೆಂಗಳೂರಲ್ಲಿ ಅವರ. ಅವ್ರಿಗೆ ಪಹಣಿ ಇಲ್ಲ; ಆದ್ರೂ ಆ ನೆಲ ಉತ್ತು ಬಿತ್ತಿ 22 ಹಳ್ಳಿ ನಿಲ್ಸಿದ್ರು. ಈ ಸಲ ಸ್ವೆಟರ್ ತಕ್ಕಳಕ್ಕೆ ಹೋದಾಗ ಚೌಕಾಸಿ ಮಾಡದೇ ಇರಲ್ಲ ನಾವು, ಮಾಡಿ. ಅದರ ಜೊತೆಗೆ ‘ಎಲ್ಲಿಂದ ಬಂದ್ರಿ ಅಕ್ಕ’ ಅಂತನೂ ಕೇಳಿ. ಒಡೆಯರಪಾಳ್ಯ ಅಂದ್ರ, ಜೋಳ ಹೆಂಗಾಯ್ತು ಅಂತ ಇಚಾರ್ಸಿ. ನಮ್ಮ ಸೀಮೆಯವ್ರೇ ಅಲ್ವಾ.