ವುಡ್ರೋ ವಿಲ್ಸನ್ ಪತ್ರಸಂಗ್ರಹ ಮತ್ತು ದಕ್ಷಿಣ ಭಾರತದ ಒಂದು ಪತ್ರ

1913ರಿಂದ 1921ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರಾಗಿದ್ದ ವುಡ್ರೋ ವಿಲ್ಸನ್ ಅವರ ಪತ್ರವ್ಯವಹಾರವು ಪ್ರಥಮ ಮಹಾಯುದ್ಧ ಕಾಲದ ಇತಿಹಾಸಕ್ಕೆ ಪ್ರಮುಖ ಆಕರವಾಗಿದೆ. ಆರ್ಥರ್ ಲಿಂಕ್ ಅವರ ಪ್ರಧಾನ ಸಂಪಾದಕತ್ವದಲ್ಲಿ ಇದು 1966ರಿಂದ 1994ರ ಅವಧಿಯಲ್ಲಿ ಪ್ರಿನ್ಸ್‌ಟನ್ನಿನಿಂದ 69 ಸಂಪುಟಗಳಲ್ಲಿ ಪ್ರಕಟವಾಯಿತು. ಈ ಸಂಗ್ರಹದ ಸ್ವರೂಪವನ್ನು ಗುರುತಿಸಿ, ದಕ್ಷಿಣ ಭಾರತದಿಂದ ವಿಲ್ಸನ್ನರಿಗೆ ಹೋದ ಒಂದು ಪತ್ರದ ಹಿನ್ನೆಲೆಯಲ್ಲಿ ಮೈಸೂರು ಸಂಸ್ಥಾನದ ಸ್ಥಿತಿಯನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ವಿಲ್ಸನ್ನರಲ್ಲಿ ಅಧಿಕೃತ ಮತ್ತು ಖಾಸಗಿ ಬರಹಗಳ ನಡುವಿನ ಗೆರೆ ತೆಳುವಾದುದು. ಶೀಘ್ರಲಿಪಿಯನ್ನು ಬಲ್ಲ ಅವರು ರಾಜತಾಂತ್ರಿಕ ಪತ್ರಗಳ ಕರಡುಗಳನ್ನೂ ಸ್ವತಃ ಬೆರಳಚ್ಚು ಮಾಡುತ್ತಿದ್ದರು. ಬಹುಕಾಲ ಯಾವ ಸರ್ಕಾರಿ ಹುದ್ದೆಯನ್ನೂ ಹೊಂದಿರದ ಕರ್ನಲ್ ಹೌಸ್ ಅವರೊಡನೆ ಯುದ್ಧ-ಶಾಂತಿಗಳ ವಿಷಯವನ್ನು ಪತ್ರಗಳಲ್ಲಿ ಚರ್ಚಿಸುತ್ತಿದ್ದರು. ಅಂದು ಅಧ್ಯಕ್ಷರ ಕಾಗದಪತ್ರಗಳು ಅವರ ಸ್ವಂತ ಆಸ್ತಿಯೆಂದೇ ಪರಿಗಣಿತವಾಗಿದ್ದವು. ಅವು ಸರ್ಕಾರದ ಸ್ವತ್ತೆಂದು ವಿಧಿಸಿದ ಕಾಯಿದೆ ಬಂದುದು 1978ರಲ್ಲಿ. ವಿಲ್ಸನ್ನರ ಪತ್ರಗಳು ಅವರ ಪತ್ನಿ ಈಡಿತ್ ಅವರ ಮೂಲಕ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ ಸಂಶೋಧಕರಿಗೆ ಲಭ್ಯವಾದವು.

1917ರ ಜೂನ್ ತಿಂಗಳಲ್ಲಿ ಮದರಾಸು ಸರ್ಕಾರವು ಹೋಂರೂಲ್ ಚಳವಳಿಯ ನಾಯಕಿ ಆನಿ ಬೆಸೆಂಟ್ ಅವರನ್ನು ಉದಕಮಂಡಲದಲ್ಲಿ ನಿರ್ಬಂಧದಲ್ಲಿರಿಸಿತು. ಮೈಸೂರಿನಿಂದ ನಂಜನಗೂಡು, ಬೇಗೂರು, ಗುಂಡ್ಲುಪೇಟೆಗಳ ಮೂಲಕ ಸಾಗುವ ಹಾದಿ ಮುಟ್ಟುವುದು ಈ ಗಿರಿಪಟ್ಟಣವನ್ನೇ. ಮದರಾಸು ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಎಸ್. ಸುಬ್ರಹ್ಮಣ್ಯ ಅಯ್ಯರ್ ಅವರು ಹೋಂರೂಲ್ ಲೀಗಿನ ಗೌರವಾಧ್ಯಕ್ಷರಾಗಿ ಜೂನ್ 24ರಂದು ವಿಲ್ಸನ್ನರಿಗೆ ಪತ್ರ ಬರೆದರು. ಪ್ರಜಾಪ್ರಭುತ್ವಕ್ಕಾಗಿ ಯುದ್ಧವೆಂಬ ಘೋಷಣೆ ಭಾರತಕ್ಕೂ ಅನ್ವಯಿಸಬೇಕೆಂಬುದು ಅದರ ತಿರುಳು. ಪತ್ರವು ಅಂಚೆಯಲ್ಲಿ ಹೋಗಲಿಲ್ಲ. ಅಮೆರಿಕದ ಹಾಚ್ನರ್ ದಂಪತಿಗಳು ಅದನ್ನು ಕೈಯಲ್ಲೇ ಕೊಂಡೊಯ್ದರು. 1918ರಲ್ಲಿ ಬ್ರಿಟಿಷ್ ಅಧಿಕಾರಿಗಳ ಆಗ್ರಹಕ್ಕೆ ಗುರಿಯಾದ ಅಯ್ಯರ್ ತಮ್ಮ ಬಿರುದುಗಳನ್ನು ತ್ಯಜಿಸಿದರು.

ಮೈಸೂರಿನಿಂದ ಇಂತಹ ಪತ್ರವೊಂದು ಹೋಗಬಹುದಿತ್ತೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. 1881ರ ಅಧಿಕಾರ ಹಸ್ತಾಂತರ ಪತ್ರದ ಪ್ರಕಾರ ಮಹಾರಾಜರು ಗವರ್ನರ್ ಜನರಲ್ಲರ ಪೂರ್ವಾನುಮತಿಯಿಲ್ಲದೆ, ಅವರ ಮುಖಾಂತರವಲ್ಲದೆ, ಅನ್ಯ ರಾಜ್ಯದೊಡನೆ ಪತ್ರವ್ಯವಹಾರ ನಡೆಸುವಂತಿರಲಿಲ್ಲ. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಏರ್ಪಟ್ಟ 1913ರ ಒಪ್ಪಂದವು ಸಂಸ್ಥಾನದ ಗೌರವವನ್ನು ಹೆಚ್ಚಿಸಿದರೂ ಈ ನಿರ್ಬಂಧವನ್ನು ಸಡಿಲಿಸಲಿಲ್ಲ. ಹೀಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವಾಷಿಂಗ್ಟನ್ನಿಗೆ ನೇರ ರಾಜಮಾರ್ಗವೇ ಇರಲಿಲ್ಲ. ಬೇಗೂರಿನ ರೈತನ ದೊರೆಗೆ ನಿಷಿದ್ಧವಾಗಿದ್ದುದನ್ನು ಮದರಾಸಿನ ನಿವೃತ್ತ ನ್ಯಾಯಾಧೀಶರು ಖಾಸಗಿ ಹಾದಿಯಿಂದ ಸಾಧಿಸಿದರು. ಅದಕ್ಕೆ ಬೆಲೆಯನ್ನೂ ತೆತ್ತರು.

ಈ ಅಂಶವು ಆಕರಗಳ ವಿಮರ್ಶೆಯ ದೃಷ್ಟಿಯಿಂದ ಗಮನಾರ್ಹವಾದುದು. ವಿದೇಶಿ ಪತ್ರಸಂಗ್ರಹಗಳಲ್ಲಿ ಮೈಸೂರಿನ ದನಿ ಕೇಳಿಬರದಿದ್ದರೆ ಅದನ್ನು ಜನರ ನಿರಾಸಕ್ತಿಯೆಂದು ತೀರ್ಮಾನಿಸುವುದು ಸಾಧುವಲ್ಲ. ಆ ಮೌನದ ಹಿಂದೆ ಒಪ್ಪಂದದ ವಿಧಿಯೂ ಇದೆ. ಆದ್ದರಿಂದ ಹುಜೂರು ಕಚೇರಿ ಹಾಗೂ ರೆಸಿಡೆನ್ಸಿಯ ಕಡತಗಳೊಡನೆ ಮನೆತನಗಳಲ್ಲಿ ಉಳಿದಿರುವ ಖಾಸಗಿ ಪತ್ರಗಳನ್ನೂ ಸಂಗ್ರಹಿಸಿ ತೌಲನಿಕವಾಗಿ ಅಭ್ಯಸಿಸುವುದು ಅವಶ್ಯಕವಾಗಿದೆ.