ಬಂಗಾರಕ್ಕ ಮತ್ತು ಬಾರ್ಬಿ

ಬಾರ್ಬಿ ಕನ್ನಡ ಮಾತಾಡ್ತಾಳೆ ಅಂತ ನಾನು ಬಹಳ ವರ್ಷ ನಂಬಿದ್ದೆ. ನಗಬೇಡಿ :-) ಚಿಕ್ಕವರಿದ್ದಾಗ ನೋಡಿದ ಆ ಕಾರ್ಟೂನ್ ಸಿನಿಮಾದಲ್ಲಿ ಅವಳು ಅಪ್ಪಟ ನಮ್ಮ ಕಡೆ ಕನ್ನಡದಲ್ಲಿ "ಅಯ್ಯೋ ಸುಮ್ಕಿರ್ರೀ" ಅಂದಿದ್ದು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ.

ಕಳೆದ ತಿಂಗಳು ಬೆಂಗಳೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಟಿವಿಯಲ್ಲಿ ಅದೇ ಸಿನಿಮಾ ಹಾಕಿಕೊಂಡು ಕೂತಿದ್ದಳು. 'ಬಾರ್ಬಿ ಇನ್ ದ ನಟ್‌ಕ್ರ್ಯಾಕರ್', 2001ರದ್ದು. ನಾನೂ ಪಕ್ಕದಲ್ಲಿ ಕೂತೆ. ಅರ್ಧಗಂಟೆ ಆದರೂ ಒಂದು ಮಾತೂ ನನ್ನ ನೆನಪಿಗೆ ಹೊಂದಲಿಲ್ಲ. ಕೊನೆಯಂತೂ ಪೂರ್ತಿ ಬೇರೆ! ನನ್ನ ನೆನಪಿನಲ್ಲಿ ಇಲಿರಾಜನನ್ನು ಗಣಪ ಬಂದು ಕಿವಿ ಹಿಡಿದು ಎಳಕೊಂಡು ಹೋಗ್ತಾನೆ. ಇಲ್ಲಿ ಗಣಪನ ಸುಳಿವೇ ಇಲ್ಲ.

ಅಡುಗೆಮನೆಯಿಂದ ಅಕ್ಕ ನಗುತ್ತಾ ಬಂದಳು. "ಲೇ, ಅದು ನಾನು ಹೇಳಿದ್ದು ಕಣೋ. ಕರೆಂಟ್ ಹೋಗಿತ್ತಲ್ಲ!"

ಆಗ ಒಂದೊಂದಾಗಿ ನೆನಪು ಬಿಚ್ಚಿಕೊಂಡಿತು.

ಅಮ್ಮ ಪ್ರೈಮರಿ ಶಾಲೆ ಟೀಚರ್. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕು ಸೇರಿದ್ದೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಮ್ಮ ಗಂಟುಮೂಟೆ ತಿರುಗಿದ್ದೂ ಈ ನಾಲ್ಕರೊಳಗೇ. 2003ರ ಸುಮಾರಿಗೆ ನಾವು ಸಿರಾದಲ್ಲಿದ್ದೆವು. ಬರಗಾಲದ ವರ್ಷಗಳು, ಕರೆಂಟು ಇದ್ದಷ್ಟೇ ಹೊತ್ತು ಟಿವಿ. ಅಪ್ಪ ಒಂದು ದಿನ ಬಾಡಿಗೆಗೆ ತಂದ ಸಿಡಿಗಳಲ್ಲಿ ಈ ಬಾರ್ಬಿಯೂ ಇತ್ತು. ಇಂಗ್ಲಿಷು. ಮನೆಯಲ್ಲಿ ಅದು ಅಷ್ಟಿಷ್ಟು ಅರ್ಥವಾಗುತ್ತಿದ್ದುದು ಹೈಸ್ಕೂಲಿನಲ್ಲಿದ್ದ ಅಕ್ಕನಿಗೆ ಮಾತ್ರ. ನನಗೂ ಅಜ್ಜಿಗೂ ಸೊನ್ನೆ. ಹಾಗಾಗಿ ಅಕ್ಕ ಪಾತ್ರ ಪಾತ್ರಕ್ಕೂ ದನಿ ಬದಲಿಸಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಅರ್ಥವಾಗದ ಕಡೆ ತಾನೇ ಕಟ್ಟಿದಳು. ಮುಕ್ಕಾಲು ಸಿನಿಮಾ ಆಗುವಷ್ಟರಲ್ಲಿ ಕರೆಂಟು ಹೋಯಿತು. ಮಿಕ್ಕ ಕಥೆ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ. ಮಾರನೇ ದಿನ ಸಿಡಿ ವಾಪಸ್ಸು. ಅಂದರೆ ನಾನು ಆ ಸಿನಿಮಾದ ಕೊನೆ ನೋಡಿದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು, ಮೊನ್ನೆಯೇ!

ಅಜ್ಜಿ ಅವತ್ತು ಪರದೆಯ ಮೇಲಿನ ಹುಡುಗಿಗೆ ಒಂದು ಹೆಸರಿಟ್ಟಿದ್ದಳು: ಬಂಗಾರಕ್ಕ. ಅದೇ ವರ್ಷ ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಯಲ್ಲಿ ನಮಗೆ ಸಿಕ್ಕ ಡೂಪ್ಲಿಕೇಟ್ ಬಾರ್ಬಿಗೂ (ಎರಡೇ ದಿನಕ್ಕೆ ಕಾಲು ಕೈಗೆ ಬಂತು) ಅದೇ ಹೆಸರಾಯಿತು. ಈ ಬಂಗಾರಕ್ಕ ಯಾರು ಅಂತ ಆಗ ಕೇಳಿರಲಿಲ್ಲ. ಈಗ ಕೇಳೋಣ ಅಂದರೆ ಅಜ್ಜಿ ಇಲ್ಲ. ಹಾಗಾಗಿ ಊರಿಗೆ ವಾಪಸ್ ಬಂದಮೇಲೆ ಸ್ವಲ್ಪ ಓದಿದೆ. ಮೊದಲು ಬಾರ್ಬಿ ಕಥೆ, ಆಮೇಲೆ ಬಂಗಾರಕ್ಕನದು.

ಬಾರ್ಬಿ ಹುಟ್ಟಿದ್ದೇ ಒಂದು ಕಾರ್ಟೂನಿನಿಂದ ಅನ್ನೋದು ನಿಮಗೆ ಗೊತ್ತಿತ್ತಾ? ನನಗೆ ಗೊತ್ತಿರಲಿಲ್ಲ. ಜರ್ಮನಿಯ 'ಬಿಲ್ಡ್' ಪತ್ರಿಕೆಯಲ್ಲಿ 1952ರಿಂದ ಲಿಲ್ಲಿ ಅನ್ನೋ ಚುರುಕು ಬಾಯಿಯ ಹುಡುಗಿಯ ವ್ಯಂಗ್ಯಚಿತ್ರ ಬರುತ್ತಿತ್ತು. ಬರೆಯುತ್ತಿದ್ದವರು ರೈನ್‌ಹಾರ್ಡ್ ಬೋಯ್ಟಿನ್. ಅದು ಜನಪ್ರಿಯವಾಗಿ 1955ರಲ್ಲಿ ಲಿಲ್ಲಿ ಗೊಂಬೆಯೂ ಮಾರುಕಟ್ಟೆಗೆ ಬಂತು. ಮರುವರ್ಷ ಯುರೋಪ್ ಪ್ರವಾಸಕ್ಕೆ ಹೋದ ಅಮೆರಿಕದ ರೂತ್ ಹ್ಯಾಂಡ್ಲರ್ ಅದನ್ನು ನೋಡಿ ಕೊಂಡುತಂದರು. ಮ್ಯಾಟೆಲ್ ಕಂಪನಿ ಅವರದೇ. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಬಾರ್ಬಿ ಕಾಣಿಸಿಕೊಂಡಳು. ಬೆಲೆ 3 ಡಾಲರ್. ಹೆಸರು ರೂತ್ ಅವರ ಮಗಳು ಬಾರ್ಬರಾಳದ್ದು. ಲಿಲ್ಲಿಯ ಹಕ್ಕುಗಳನ್ನು ಮ್ಯಾಟೆಲ್ ಕೊಂಡುಕೊಂಡಿದ್ದು ಮಾತ್ರ ಆಮೇಲೆ, 1964ರಲ್ಲಿ.

ಕಾರ್ಟೂನು ಗೊಂಬೆಯಾಯಿತು. ಗೊಂಬೆ ಮತ್ತೆ ಕಾರ್ಟೂನಾಗಲು ಬಹಳ ಕಾಲ ಹಿಡಿಯಿತು. ಆಟಿಕೆ ಮಾರಲೆಂದೇ ಕಾರ್ಟೂನು ಮಾಡುವುದನ್ನು ಅಮೆರಿಕ ಸರ್ಕಾರ ಮೊದಲು ಒಪ್ಪುತ್ತಿರಲಿಲ್ಲ. 1980ರ ದಶಕದಲ್ಲಿ ನಿಯಮ ಸಡಿಲವಾಗಿದ್ದೇ ತಡ, ಹೀ-ಮ್ಯಾನ್, ಟ್ರಾನ್ಸ್‌ಫಾರ್ಮರ್ಸ್ ಸಾಲುಗಟ್ಟಿದವು. 1985ರಲ್ಲಿ ಪ್ರತಿಸ್ಪರ್ಧಿ ಹ್ಯಾಸ್‌ಬ್ರೋ ಕಂಪನಿಯ ಹಾಡುಗಾರ್ತಿ ಗೊಂಬೆ 'ಜೆಮ್' ಟಿವಿಗೆ ಬಂದಳು. ಉತ್ತರವಾಗಿ 1987ರಲ್ಲಿ ಬಾರ್ಬಿಗೂ ಎರಡು ಭಾಗದ ಟಿವಿ ಕಾರ್ಟೂನು ಬಂತು. ನಾವು ನೋಡಿದ 2001ರ 'ನಟ್‌ಕ್ರ್ಯಾಕರ್' ಬಾರ್ಬಿಯ ಮೊದಲ ಕಂಪ್ಯೂಟರ್ ಆನಿಮೇಷನ್ ಪೂರ್ಣ ಸಿನಿಮಾ. ಇದರ ಕುಣಿತಕ್ಕೆ ನ್ಯೂಯಾರ್ಕ್ ಸಿಟಿ ಬ್ಯಾಲೆಯ ಕಲಾವಿದರನ್ನೇ ಕುಣಿಸಿ ಅವರ ಚಲನೆಯನ್ನು ಕಂಪ್ಯೂಟರಿಗೆ ಹಿಡಿದಿದ್ದಾರೆ. ಹಾಗಾಗಿ ಮುಖ ಪ್ಲಾಸ್ಟಿಕ್ಕಿನಂತಿದ್ದರೂ ಕುಣಿತ ಮಾತ್ರ ಈಗಲೂ ಚೆಂದ.

ಕಥೆ ಬಾರ್ಬಿಯದ್ದಲ್ಲ ಬಿಡಿ. 1816ರಲ್ಲಿ ಜರ್ಮನಿಯ ಹಾಫ್‌ಮನ್ ಬರೆದಿದ್ದು. ಫ್ರಾನ್ಸಿನ ಡ್ಯೂಮಾ ಅದನ್ನು ತನ್ನ ಥರ ಹೇಳಿದ. 1892ರಲ್ಲಿ ರಷ್ಯಾದ ಚೈಕಾವ್‌ಸ್ಕಿಯ ಸಂಗೀತದಲ್ಲಿ ಬ್ಯಾಲೆ ಆಯಿತು. ಪ್ರತಿ ಊರಿನಲ್ಲೂ ಯಾರೋ ಒಬ್ಬರು ತಮ್ಮವರಿಗೆ ಬೇಕಾದಂತೆ ತಿದ್ದಿದ್ದಾರೆ. ಸಿರಾದಲ್ಲಿ ನಮ್ಮಕ್ಕ ಗಣಪನನ್ನು ತಂದಿದ್ದು ಅಂಥಾ ದೊಡ್ಡ ಅಪರಾಧ ಅಲ್ಲ ಅನ್ನಿಸಿತು.

ಇನ್ನು ನಮ್ಮ ಕಡೆಗೆ ಬರೋಣ. ಬಟ್ಟೆ ಬದಲಿಸುವ ಗೊಂಬೆ ನಮಗೇನೂ ಹೊಸದಲ್ಲ. ಕೊರಟಗೆರೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ದಸರೆಯಲ್ಲಿ ಪಟ್ಟದ ಗೊಂಬೆ ಕೂರಿಸುತ್ತಿದ್ದರು. ಮರದ ರಾಜ, ರಾಣಿ. ವರ್ಷವರ್ಷವೂ ರಾಣಿಗೆ ಹೊಸ ರೇಷ್ಮೆ, ಹೊಸ ಸರ. ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ :-(

ಆದರೆ ಅವು ಮಾತಾಡುತ್ತಿರಲಿಲ್ಲ. ಮಾತಾಡುವ ಗೊಂಬೆ ಅಂದರೆ ತೊಗಲುಗೊಂಬೆ. ಅಜ್ಜಿಯ ತವರು ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಅಲ್ಲಿಂದ ಆಚೆ ಧರ್ಮಾವರದ ಹತ್ತಿರ ನಿಮ್ಮಲಕುಂಟ ಅಂತ ಊರಿದೆ, ತೊಗಲುಗೊಂಬೆಯವರ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಹದ ಮಾಡಿದ ಚರ್ಮ, ಅದರಲ್ಲಿ ಕೊರೆದ ಸಣ್ಣ ಸಣ್ಣ ತೂತು, ಬಣ್ಣ. ಮುಂದೆ ಬಿಳಿ ಪರದೆ, ಹಿಂದೆ ದೀಪ. ಯೋಚಿಸಿ ನೋಡಿದರೆ ಅದೇ ನಮ್ಮ ಮೊದಲ ಕಾರ್ಟೂನು.

ಆ ಆಟದಲ್ಲಿ ರಾಮ ರಾವಣರ ನಡುವೆ ನಗಿಸಲು ಬರುವ ಹೆಂಗಸೇ ಬಂಗಾರಕ್ಕ! ನಮ್ಮ ಕಡೆ ಅವಳ ಜೋಡಿ ಕಿಳ್ಳೇಕ್ಯಾತ, ಆಂಧ್ರದಲ್ಲಿ ಕೇತಿಗಾಡು. ಅಜ್ಜಿಗೆ ಪರದೆಯ ಮೇಲೆ ಬಣ್ಣದ ಗೊಂಬೆ ಮಾತಾಡಿದ್ದು ಕಂಡ ಕೂಡಲೇ ಬಾಯಿಗೆ ಬಂದ ಹೆಸರು ಅದು.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಈ ಗೊಂಬೆಯಾಟದವರ ಮನೆಮಾತು ಮರಾಠಿಯ ಒಂದು ಬಗೆ. ಮನೆಯಲ್ಲಿ ಅದು, ಪರದೆಯ ಹಿಂದೆ ಕೂತರೆ ಆಂಧ್ರದಲ್ಲಿ ತೆಲುಗು, ಕರ್ನಾಟಕದಲ್ಲಿ ಕನ್ನಡ. ನೋಡುವವರ ಮಾತು ಯಾವುದೋ ಗೊಂಬೆಯ ಮಾತೂ ಅದೇ. ಡಬ್ಬಿಂಗ್ ಅಂದರೆ ಇನ್ನೇನು?

ಡಬ್ಬಿಂಗ್ ಅಂದಕೂಡಲೇ ನಿಮ್ಮಲ್ಲಿ ಕೆಲವರ ಹುಬ್ಬು ಮೇಲೇರುತ್ತೆ, ಗೊತ್ತು. 1960ರ ದಶಕದಲ್ಲಿ ಡಬ್ಬಿಂಗ್ ಬೇಡ ಅಂದವರಿಗೆ ಬಲವಾದ ಕಾರಣವಿತ್ತು. ಕನ್ನಡ ಸಿನಿಮಾ ಆಗ ಮದ್ರಾಸಿನಲ್ಲಿ ಬೇರೆಯವರ ಸ್ಟುಡಿಯೋಗಳಲ್ಲಿ ಉಸಿರಾಡುತ್ತಿತ್ತು. ಡಬ್ಬಿಂಗ್ ನುಗ್ಗಿದ್ದರೆ ನಮ್ಮ ನಟರು, ತಂತ್ರಜ್ಞರು ಬೀದಿಗೆ ಬರುತ್ತಿದ್ದರು. ಆ ಹೋರಾಟಕ್ಕೆ ನನ್ನ ಗೌರವ ಇದ್ದೇ ಇದೆ. ಆದರೆ ಕಾನೂನೇ ಅಲ್ಲದ ಆ ಕಟ್ಟುಪಾಡು ಟಿವಿಗೂ ಹಬ್ಬಿತು. 2012ರಲ್ಲಿ ಅಮೀರ್ ಖಾನ್‌ರ 'ಸತ್ಯಮೇವ ಜಯತೇ' ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಈ ತಡೆ ತಪ್ಪು ಅಂತ ಹೇಳಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ತೆರೆಗೆ ಬಂತು.

ಮಕ್ಕಳ ವಿಷಯದಲ್ಲಿ ಬಾಗಿಲು ಸ್ವಲ್ಪ ಮುಂಚೆ ತೆರೆದಿತ್ತು. 2009ರ ಏಪ್ರಿಲ್‌ನಲ್ಲಿ ಚಿಂಟು ಟಿವಿ ಶುರುವಾಯಿತು, ಡೋರಾ ಕನ್ನಡ ಕಲಿತಳು. ಅಷ್ಟರಲ್ಲಿ ನಾನು ಕಾರ್ಟೂನು ನೋಡುವ ವಯಸ್ಸು ದಾಟಿದ್ದೆ. ಸಿನಿಮಾ ರಂಗವನ್ನು ಉಳಿಸಲು ಕಟ್ಟಿದ ಗೋಡೆಯ ನೆರಳು ಬಿದ್ದಿದ್ದು ನಮ್ಮಂಥ ಮಕ್ಕಳ ಮೇಲೆ, ಅಜ್ಜಿಯಂಥ ಮುದುಕರ ಮೇಲೆ. ಕಾರ್ಟೂನು ನೋಡಲೆಂದೇ ನಾವು ಹಿಂದಿ ಕಲಿತೆವು. ಅಜ್ಜಿ ಕಲಿಯಲಿಲ್ಲ, ಎದ್ದು ಒಳಗೆ ಹೋಗುತ್ತಿದ್ದಳು. ರಾತ್ರಿಯಿಡೀ ಎದ್ದಿದ್ದು ಬೊಂಬೆಯಾಟ ನೋಡಿದವಳು ಟಿವಿಯ ಬೊಂಬೆಯ ಮುಂದೆ ಕೂರಲಾಗದೆ ಎದ್ದುಹೋದಳಲ್ಲ, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಅವಳು ಕೊನೆತನಕ ಕೂತಿದ್ದು ಆ ಒಂದು ರಾತ್ರಿ, ಅಕ್ಕನ ದನಿಗೆ. ಅರ್ಧ ಅದರಲ್ಲಿ ಚಿತ್ರವೇ ಇಲ್ಲದ ಕತ್ತಲೆ!

ಮೊನ್ನೆ ಸಿನಿಮಾ ನೋಡುವಾಗ ನಾನು ಪೂರ್ತಿ ಮರೆತಿದ್ದ ಒಂದು ವಿಷಯ ಸಿಕ್ಕಿತು. ಅದರ ಶುರುವಿನಲ್ಲಿ ಬಾರ್ಬಿ ತನ್ನ ಪುಟ್ಟ ತಂಗಿ ಕೆಲ್ಲಿಗೆ ನೃತ್ಯ ಹೇಳಿಕೊಡುತ್ತಿರುತ್ತಾಳೆ. ತಂಗಿಗೆ ಹೆಜ್ಜೆ ಬರುವುದಿಲ್ಲ, ಮುಖ ಸಪ್ಪಗೆ ಮಾಡುತ್ತಾಳೆ. ಅವಳಿಗೆ ಧೈರ್ಯ ತುಂಬಲು ಬಾರ್ಬಿ ಹೇಳುವ ಕಥೆಯೇ ಇಡೀ ಸಿನಿಮಾ. ಅಂದರೆ ಅಕ್ಕ ಒಬ್ಬಳು ಚಿಕ್ಕವರಿಗೆ ಕಥೆ ಹೇಳೋದು! ಸಿರಾದ ಆ ರಾತ್ರಿ ಟಿವಿಯ ಒಳಗೂ ಹೊರಗೂ ಅದೇ ನಡೆದಿತ್ತು. ಅಕ್ಕನಿಗೆ ಇದನ್ನು ಹೇಳಿದೆ. ಅವಳು ಏನೂ ಅನ್ನಲಿಲ್ಲ, ಸೋಫಾದ ತುದಿಯಲ್ಲಿ ಕೂತು ಇಲಿರಾಜನಿಗೆ ದನಿ ಕೊಡಲು ಶುರು ಮಾಡಿದಳು. ಅದೇ ಗೊಗ್ಗರು ದನಿ.

"ಅಮ್ಮಾ ಪ್ಲೀಸ್, ಡಿಸ್ಟರ್ಬ್ ಮಾಡ್ಬೇಡ, ನಂಗೆ ಅರ್ಥ ಆಗುತ್ತೆ" ಅಂದಳು ಮಗಳು.

ತಪ್ಪು ಅವಳದ್ದಲ್ಲ. ಅವಳಿಗೆ ನಿಜವಾಗಿಯೂ ಅರ್ಥ ಆಗುತ್ತೆ. ಅಕ್ಕ ಸುಮ್ಮನಾದಳು. ಆಮೇಲೆ ಊಟಕ್ಕೆ ಕೂತಾಗ ಆ ಹುಡುಗಿಗೆ ಬಂಗಾರಕ್ಕನ ವಿಷಯ ಹೇಳಿದೆ, ಕಾಲು ಮುರಿದಿದ್ದು, ಅಜ್ಜಿ ಹೆಸರಿಟ್ಟಿದ್ದು, ಗಣಪ ಇಲಿಯ ಕಿವಿ ಹಿಂಡಿದ್ದು. ಪೂರ್ತಿ ಕೇಳಿಸಿಕೊಂಡಳು. ಸಿನಿಮಾಕ್ಕಿಂತ ಆ ಕೊನೆಯೇ ಚೆನ್ನಾಗಿದೆ ಅಂತ ತೀರ್ಪನ್ನೂ ಕೊಟ್ಟಳು :-)

ನಿಮ್ಮ ಮನೆಯಲ್ಲೂ ಹೀಗೆ ಪಕ್ಕದಲ್ಲಿ ಕೂತು ಕನ್ನಡ ಹೇಳುತ್ತಿದ್ದ ಅಕ್ಕ, ಅಣ್ಣ, ಅತ್ತೆ ಯಾರಾದರೂ ಇದ್ದರಾ? ಇದ್ದರೆ ಇವತ್ತೇ ಫೋನ್ ಮಾಡಿ ಕೇಳಿ. ನಿಮಗೆ ನೆನಪಿರುವ ಸಿನಿಮಾ ಅವರದ್ದೇ ಇರಬಹುದು.