ಉಕ್ಕಿನ ಹೊಟ್ಟೆಯೊಳಗಿನ ಕಥೆ

ರಾಜರು ಶಾಸನ ಬರೆಸಿದರು, ಕವಿಗಳು ಕಾವ್ಯ ಬರೆದರು. ಕಬ್ಬಿಣ ಕಾಸಿದ ಕಮ್ಮಾರ ಮಾತ್ರ ತನ್ನ ಕಸುಬಿನ ಬಗ್ಗೆ ಏನನ್ನೂ ಬರೆದಿಡಲಿಲ್ಲ. ಅವನಿಗೆ ಎಷ್ಟು ಗೊತ್ತಿತ್ತು ಅಂತ ಯಾರನ್ನು ಕೇಳೋಣ? ಅವನು ಮಾಡಿದ ಕಬ್ಬಿಣವನ್ನೇ ಕೇಳಬೇಕು!

ಇಂಗ್ಲಿಷಿನ 'ವೂಟ್ಸ್' ಪದ ನಮ್ಮ 'ಉಕ್ಕು'ವಿನಿಂದಲೇ ಬಂತು ಅಂತ ಬಹಳ ಮಂದಿ ಪಂಡಿತರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಕೊಟ್ಟ. 1819ರಲ್ಲಿ ಮೈಕೆಲ್ ಫ್ಯಾರಡೆಯಂಥ ಮೇಧಾವಿಯೇ ಇದನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಗುಟ್ಟು ಅಲ್ಯುಮಿನಿಯಂನಲ್ಲಿದೆ ಅಂದುಕೊಂಡ. ನಿಜವಾದ ಗುಟ್ಟು ಇಂಗಾಲದಲ್ಲಿತ್ತು.

ಲೋಹದೊಳಗೆ ಬೆಳಕು ಹಾಯುವುದಿಲ್ಲ. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡೋದು ಸುಲಭವಿರಲಿಲ್ಲ. 1863ರಲ್ಲಿ ಶೆಫೀಲ್ಡಿನ ಹೆನ್ರಿ ಸಾರ್ಬಿ ಉಕ್ಕಿನ ತುಂಡನ್ನು ಕನ್ನಡಿಯಂತೆ ಉಜ್ಜಿ, ಆಮ್ಲದಿಂದ ಲಘುವಾಗಿ ತಿನ್ನಿಸಿ, ಅದರಿಂದ ಪ್ರತಿಫಲಿಸಿದ ಬೆಳಕಿನಲ್ಲಿ ನೋಡಿದ. ಮುತ್ತಿನಂತೆ ಹೊಳೆಯುವ ಒಂದು ಭಾಗ ಕಂಡಿತು. ಮುಂದೆ 'ಪರ್ಲೈಟ್' ಅನ್ನೋ ಹೆಸರು ಬಂದದ್ದು ಅದರಿಂದಲೇ. ಸುಮಾರು ಶೇ. 0.8 ಇಂಗಾಲವಿದ್ದರೆ, ನಿಧಾನವಾಗಿ ಆರಿದ ಉಕ್ಕು ಪೂರ್ತಿ ಪರ್ಲೈಟ್. ಅದಕ್ಕಿಂತ ಹೆಚ್ಚಾದರೆ ಹರಳುಗಳ ಅಂಚಿನಲ್ಲಿ ಗಡಸಾದ ಕಾರ್ಬೈಡಿನ ಬಲೆ ಕಾಣುತ್ತದೆ.

ಈಗ ನಮ್ಮ ಕೊಪ್ಪಳ ಜಿಲ್ಲೆಗೆ ಬನ್ನಿ. ತುಂಗಭದ್ರೆಯ ಉತ್ತರ ದಡದಲ್ಲಿ, ಆನೆಗೊಂದಿಯ ಹತ್ತಿರ, ಕಡೆಬಕೆಲೆ ಇದೆ. 2000ರ ದಶಕದಲ್ಲಿ ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್, ಆರ್. ಗೋಪಾಲ್ ಇಲ್ಲಿ ಉತ್ಖನನ ನಡೆಸಿದರು. ಸಿಕ್ಕ ಕಬ್ಬಿಣದ ವಸ್ತುಗಳನ್ನು ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಕ್ರಿಸ್ತಪೂರ್ವದ ಆ ವಸ್ತುಗಳಲ್ಲಿ ಇಂಗಾಲ ಹೆಚ್ಚಿರುವ ಉಕ್ಕಿನ ಕುರುಹು ಸಿಕ್ಕಿತು!

ಹಾಗಂತ "ನಾವೇ ಮೊದಲು" ಅಂತ ಕುಣಿಯಬೇಕಿಲ್ಲ. ಇಂಗಾಲ ಹೆಚ್ಚಿದ್ದ ಮಾತ್ರಕ್ಕೆ ಅದು ಮೂಸೆಯಲ್ಲಿ ಕರಗಿಸಿದ ಉಕ್ಕು ಎನ್ನಲಾಗದು. ಹಳೆಯ ಕುಲುಮೆಯಲ್ಲಿ ಕಬ್ಬಿಣ ಕರಗದೆ ಮುದ್ದೆಯಾಗಿ ಬರುತ್ತಿತ್ತು. ಬಡಿದರೂ ಒಳಗೆ ಕಿಟ್ಟ ಎಳೆ ಎಳೆಯಾಗಿ ಉಳಿಯುತ್ತಿತ್ತು. ಮೂಸೆಯಲ್ಲಿ ಪೂರ್ತಿ ಕರಗಿದರೆ ಕಿಟ್ಟ ಮೇಲೆ ತೇಲಿ ಬೇರೆಯಾಗುತ್ತದೆ. ಆ ಎಳೆಗಳು ಇವೆಯೋ ಇಲ್ಲವೋ ಎಂಬುದೇ ಒಂದು ದೊಡ್ಡ ಸಾಕ್ಷಿ. ಅಭಿಮಾನದ ಭಾಷಣ ಸಾಕ್ಷಿಯಲ್ಲ.

ಆದರೆ ಈ ಪುಸ್ತಕವನ್ನು ತುಕ್ಕು ದಿನವೂ ತಿನ್ನುತ್ತಿದೆ. ಕಬ್ಬಿಣವೆಲ್ಲ ತುಕ್ಕಾದರೆ ಓದಲು ಹೆಚ್ಚೇನೂ ಉಳಿಯದು. ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಅಂತ ಬರೆದಿಡದೆ ಕಿತ್ತರೂ ಅರ್ಧ ಕಥೆ ಹೋದಂತೆಯೇ. ನಿಮ್ಮೂರ ಹೊಲದಲ್ಲಿ ಕಬ್ಬಿಣದ ಕಿಟ್ಟದ ರಾಶಿ ಕಂಡರೆ ದಯವಿಟ್ಟು ಕೆದಕಬೇಡಿ, ಪುರಾತತ್ವ ಇಲಾಖೆಗೆ ಒಂದು ಮಾತು ತಿಳಿಸಿ. ಹೆಸರಿಲ್ಲದ ಆ ಕಮ್ಮಾರ ಬಿಟ್ಟುಹೋದ ಶಾಸನ ಅದೇ ಇರಬಹುದು...